ಸಖಿ ಕಂಡದ್ದು, ರಾಣಿ ಕೇಳಿದ್ದು

ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಮಾಡುವಾಗ ತರಗತಿಯಲ್ಲಿ ತಪ್ಪದೆ ನಗು ಏಳುವ ಒಂದು ಸ್ಥಳವಿದೆ. ರಾಣಿ ಅಮೃತಮತಿ ಇರುಳಿನಲ್ಲಿ ತೇಲಿಬಂದ ಒಂದು ಹಾಡಿಗೆ ಮನಸೋಲುತ್ತಾಳೆ. ಹಾಡಿದವನಾರೆಂದು ಅರಿತು ಬರಲು ಸಖಿಯನ್ನು ಕಳುಹಿಸುತ್ತಾಳೆ. ಸಖಿ ಹೋಗಿ ನೋಡಿದರೆ ಅವನೊಬ್ಬ ಮಾವಟಿಗ, ಅಷ್ಟಾವಂಕ, ನೋಡಿದವರು ಮುಖ ತಿರುಗಿಸುವಷ್ಟು ಕುರೂಪಿ. ಅವಳು ಮರಳಿ ಬಂದು ಕಂಡದ್ದನ್ನು ಕಂಡಂತೆ ಹೇಳುತ್ತಾಳೆ. ರಾಣಿಯ ಮನಸ್ಸು ಕದಲುವುದಿಲ್ಲ. ಒಲಿದ ಮೇಲೆ ರೂಪದ ಮಾತೇಕೆ ಎಂಬುದು ಅವಳ ಉತ್ತರದ ತಾತ್ಪರ್ಯ.

ಕಳೆದ ವರ್ಷ ಈ ಭಾಗಕ್ಕೆ ಬಂದಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, “ಸರ್, ಅಷ್ಟು ಚೆಲುವಾದ ಗಂಡನನ್ನು ಬಿಟ್ಟು ಅಂಥವನನ್ನು ಯಾರಾದರೂ ಮೆಚ್ಚುತ್ತಾರೆಯೇ?” ಎಂದು ಕೇಳಿದ. ಜನ್ನ 1209ರಲ್ಲಿ ಈ ಕಾವ್ಯವನ್ನು ಬರೆದದ್ದು ರಾಣಿಯ ಪರವಾಗಿ ವಾದಿಸಲಿಕ್ಕಲ್ಲ. ಹಿಂಸೆಯ ಸಂಕಲ್ಪಮಾತ್ರವೂ ಜೀವವನ್ನು ಎಷ್ಟು ಭವಗಳಲ್ಲಿ ತೊಳಲಿಸುತ್ತದೆ ಎಂಬುದು ಅವನ ಮುಖ್ಯ ಕಾಳಜಿ. ಆದರೂ ರಾಣಿಯ ಬಾಯಲ್ಲಿ ಅವನು ಸಪ್ಪೆ ಮಾತುಗಳನ್ನು ಇಡಲಿಲ್ಲ. ಇಷ್ಟನ್ನು ವಿವರಿಸಿ, ಕೊನೆಗೆ, “ಮೆಚ್ಚುತ್ತಾರಪ್ಪ. ಎಲ್ಲರೂ ಬೇಡವೆಂದ ಒಂದೆರಡು ಸಿನಿಮಾಗಳನ್ನು ನಾನೂ ಮೂವತ್ತು ವರ್ಷಗಳಿಂದ ಮೆಚ್ಚಿಕೊಂಡು ಬಂದಿದ್ದೇನೆ” ಎಂದೆ. ತರಗತಿ ಇನ್ನೊಮ್ಮೆ ನಕ್ಕಿತು. ಆದರೆ ಆ ಮಾತು ಸಂಜೆಯವರೆಗೆ ನನ್ನನ್ನು ಬಿಡಲಿಲ್ಲ. ಅದರ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಮೊದಲನೆಯದು ‘ಹಂಸಗೀತೆ’. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ 1975ರಲ್ಲಿ ನಿರ್ದೇಶಿಸಿದ ಚಿತ್ರ. ಅನಂತನಾಗ್ ಅವರದು ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಪಾತ್ರ. ಹಾಡುಗಾರಿಕೆಗಾಗಿ ಬಾಲಮುರಳೀಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಇಂಥ ಚಿತ್ರವನ್ನು ಮೆಚ್ಚುವುದರಲ್ಲಿ ಹೆಚ್ಚುಗಾರಿಕೆಯೇನು ಎಂದು ಕೇಳಬಹುದು. ಪ್ರಶಸ್ತಿ ಪಡೆದ ಚಿತ್ರಗಳನ್ನು ಗೌರವಿಸುವವರು ಬಹಳ ಮಂದಿ, ಕುಳಿತು ನೋಡುವವರು ಕಡಮೆ. ಅದನ್ನು ನಾನು ಮೊದಲು ಕಂಡದ್ದು ಪ್ರಶಸ್ತಿಯ ಸುದ್ದಿ ತಲುಪದ ಒಂದು ಟೂರಿಂಗ್ ಟಾಕೀಸಿನಲ್ಲಿ.

ನಮ್ಮದು ದುರ್ಗದ ಸೀಮೆಯ ಹಳ್ಳಿ. ಜಾತ್ರೆಯ ಸಮಯಕ್ಕೆ ಹಾಕಿದ ಟೆಂಟಿನಲ್ಲಿ ‘ದುರ್ಗದ ಕಥೆ’ ಬಂದಿದೆಯೆಂದು ಡಂಗುರವಾಯಿತು. ದುರ್ಗವೆಂದ ಮೇಲೆ ಮದಕರಿನಾಯಕ, ಕೋಟೆ, ಕತ್ತಿವರಸೆ ಇರಲೇಬೇಕೆಂದು ಊರಿಗೆ ಊರೇ ನೆರೆಯಿತು. ಪರದೆಯ ಮೇಲೆ ಒಬ್ಬಾತ ಹಾಡುತ್ತಾನೆ, ಮುನಿಯುತ್ತಾನೆ, ಅಲೆಯುತ್ತಾನೆ, ಮತ್ತೆ ಹಾಡುತ್ತಾನೆ. ಮೊದಲು ಶಿಳ್ಳೆ, ಆಮೇಲೆ ಕೂಗು, ಆಮೇಲೆ ಚಾಪೆ ಸುತ್ತಿಕೊಂಡು ಹೊರಡುವ ಸದ್ದು. ಅರ್ಧಕ್ಕೂ ಮುನ್ನ ಟೆಂಟು ಬರಿದಾಯಿತು. ಉಳಿದವರಲ್ಲಿ ನನ್ನ ತಂದೆಯವರೊಬ್ಬರು. ಅವರಿಗೆ ಸಂಗೀತದ ಪಾಠವಾಗಿರಲಿಲ್ಲ. ಶನಿವಾರದ ಭಜನೆಯಲ್ಲಿ ತಾಳ ಹಿಡಿದು ಹಾಡಿದ್ದಷ್ಟೇ ಅವರ ವಿದ್ಯೆ. ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ನಡುನಡುವೆ ಎಚ್ಚರವಾದಾಗ ಒಂದು ದನಿ ಕೇಳುತ್ತಿತ್ತು, ತಂದೆಯವರ ಬೆರಳು ನನ್ನ ಬೆನ್ನಿನ ಮೇಲೆ ತಾಳ ಹಾಕುತ್ತಿತ್ತು. ಮರುದಿನ ಟೆಂಟಿನವರು ಆ ಚಿತ್ರವನ್ನು ತೆಗೆದು ಹೊಡೆದಾಟದ ಚಿತ್ರವೊಂದನ್ನು ಹಾಕಿದರು. ತಂದೆಯವರು, “ಪಾಪ, ಇನ್ನೊಂದು ದಿವಸ ಇಟ್ಟಿದ್ದರೆ ಇನ್ನೊಮ್ಮೆ ಕೇಳುತ್ತಿದ್ದೆ” ಎಂದರು. ನೋಡುತ್ತಿದ್ದೆ ಎನ್ನಲಿಲ್ಲ, ಕೇಳುತ್ತಿದ್ದೆ ಎಂದರು.

ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಂದು ರಾತ್ರಿ ಚಲನಚಿತ್ರಗಳ ಚರ್ಚೆ ನಡೆದಿತ್ತು. ಗೆಳೆಯನೊಬ್ಬ ಅದು ಹಂಸಗೀತೆಯಲ್ಲ, ನಿದ್ರಾಗೀತೆ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟಕ್ಕೇ ನಿಲ್ಲದೆ, ನಮ್ಮೂರಿನ ಟೆಂಟು ಬರಿದಾದ ಕಥೆಯನ್ನು ರಂಜಕವಾಗಿ ಹೇಳಿ ಇನ್ನಷ್ಟು ನಗಿಸಿದೆ. ಕೊನೆಯವರೆಗೆ ಕುಳಿತಿದ್ದವರ ಮಾತನ್ನು ಮಾತ್ರ ಹೇಳಲಿಲ್ಲ. ಆ ವೇಳೆಗೆ ತಂದೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಇಷ್ಟವಾದುದನ್ನು ನಾಲ್ವರ ಎದುರು ಇಷ್ಟವೆನ್ನಲಾರದೆ ಹೋದದ್ದು ಸಣ್ಣ ಸಂಗತಿಯೇ ಇರಬಹುದು. ನನಗೆ ಮಾತ್ರ ಅದು ಇಂದಿಗೂ ಸಣ್ಣದಾಗಿಲ್ಲ.

ಆಮೇಲೆ ಆ ಚಿತ್ರವನ್ನು ಹುಡುಕಿ ಹುಡುಕಿ ನೋಡಿದೆ, ಸಿಕ್ಕವರ ಮುಂದೆಲ್ಲ ಅದರ ಪರವಾಗಿ ವಾದಿಸಿದೆ. ವಾದಿಸುತ್ತ ಒಂದು ಮಾತು ಸ್ಪಷ್ಟವಾಯಿತು. ಪ್ರಿಯವಾದ ಕೃತಿಯ ಪರ ನಿಲ್ಲುವವನು ಅದರ ದೋಷಗಳನ್ನು ಮೊದಲೇ ಒಪ್ಪಿಕೊಂಡುಬಿಡಬೇಕು. ನಮ್ಮ ‘ಕವಿರಾಜಮಾರ್ಗ’ ತನ್ನ ಮೊದಲ ಪರಿಚ್ಛೇದವನ್ನು ಮೀಸಲಿಟ್ಟದ್ದೇ ದೋಷಾದೋಷಗಳ ವಿವೇಚನೆಗೆ. ಯಾವುದು ದೋಷ, ಯಾವುದು ದೋಷದಂತೆ ಕಂಡರೂ ದೋಷವಲ್ಲ ಎಂಬ ವಿವೇಕವಿಲ್ಲದೆ ಕಾವ್ಯಚರ್ಚೆ ಮುಂದುವರಿಯದು. ‘ಹಂಸಗೀತೆ’ ನಿಧಾನವಾಗಿದೆ ಎಂಬುದು ನಿಜ. ಆ ನಿಧಾನವೆಲ್ಲವೂ ದೋಷವೇ? ಒಂದು ರಾಗ ತನ್ನ ಮುಖವನ್ನು ತೋರಲು ಹೊತ್ತು ಬೇಕು. ಮನುಷ್ಯನ ಅಹಂಕಾರ ಕರಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಗೆಲ್ಲಲೆಂದು ಕಲಿತ ಸಂಗೀತ ಸಂಗೀತವಾಗಲು ಏನನ್ನೆಲ್ಲ ಕಳೆದುಕೊಳ್ಳಬೇಕೆಂಬ ಕಥೆಯನ್ನು ಅವಸರದಲ್ಲಿ ಹೇಳಿದರೆ ಕೇಳಿದವರಿಗೆ ಸುದ್ದಿ ಮಾತ್ರ ತಲುಪುತ್ತದೆ. ಹಾಗೆಂದು ಎಲ್ಲ ನಿಧಾನಕ್ಕೂ ಈ ಸಮರ್ಥನೆ ಸಲ್ಲದು. ಕೆಲವೆಡೆ ಚಿತ್ರ ಸುಮ್ಮನೆ ಎಳೆದಿದೆ. ಅಲ್ಲಿ ನನಗೂ ಆಕಳಿಕೆ ಬರುತ್ತದೆ.

ಇದೇ ಕಾದಂಬರಿಯಿಂದ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತ್ತು. ಶಂಕರ್–ಜೈಕಿಷನ್ ಅವರ ಸಂಗೀತ, ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಸ್ಪರ್ಧೆಗಿಳಿದು ಹಾಡಿದ ಹಾಡು. ಅದನ್ನು ಮೆಚ್ಚದವರಿಲ್ಲ, ನಾನೂ ಮೆಚ್ಚುತ್ತೇನೆ. ಆದರೆ ಕಾದಂಬರಿಯ ವೆಂಕಟಸುಬ್ಬಯ್ಯ ಟಿಪ್ಪುವಿನ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿ ದೇವರಿಗೆ ಒಪ್ಪಿಸಿದವನು. ಕೇಳುವವರ ಮೆಚ್ಚುಗೆಯನ್ನು ಅಷ್ಟು ದೂರ ತಳ್ಳಿದವನ ಕಥೆಗೆ ಟೆಂಟು ತುಂಬಲಿಲ್ಲವೆಂಬ ಕೊರಗು ಸಲ್ಲದೆಂದು ಈಗ ತೋರುತ್ತದೆ. ಭವಭೂತಿ ‘ಮಾಲತೀಮಾಧವ’ದ ಪ್ರಸ್ತಾವನೆಯಲ್ಲಿ, ತನ್ನನ್ನು ಕಡೆಗಣಿಸುವವರಿಗಾಗಿ ತಾನು ಬರೆಯುತ್ತಿಲ್ಲವೆಂದೂ ಕಾಲಕ್ಕೆ ಕೊನೆಯಿಲ್ಲ, ಭೂಮಿ ವಿಶಾಲವಾಗಿದೆ, ತನ್ನಂಥ ಮನಸ್ಸಿನವನೊಬ್ಬ ಎಲ್ಲಿಯಾದರೂ ಹುಟ್ಟಿಯಾನೆಂದೂ ಹೇಳಿಕೊಂಡಿದ್ದಾನೆ. ಜಾತ್ರೆಯ ಟೆಂಟಿನ ಚಾಪೆಯ ಮೇಲೆ ತಾಳ ಹಾಕುತ್ತ ಕುಳಿತಿದ್ದವರು ಅಯ್ಯರ್ ಅವರ ಪಾಲಿನ ಆ ಒಬ್ಬರು.

ಇಲ್ಲಿಗೆ ಲೇಖನವನ್ನು ಮುಗಿಸಿದ್ದರೆ ನನಗೆ ಹಿತವಾಗುತ್ತಿತ್ತು. ಸಹೃದಯರು ವಿರಳ, ನಾನು ಆ ವಿರಳರಲ್ಲೊಬ್ಬ ಎಂಬ ನೆಮ್ಮದಿಯೊಂದಿಗೆ ಮುಗಿಯುತ್ತಿತ್ತು. ಎರಡನೆಯ ಚಿತ್ರ ಆ ನೆಮ್ಮದಿಯನ್ನು ಉಳಿಸಲಿಲ್ಲ.

ಅದು 1969ರ ‘ಉಯ್ಯಾಲೆ’. ಚದುರಂಗರ ಕಾದಂಬರಿ, ಎನ್. ಲಕ್ಷ್ಮೀನಾರಾಯಣ್ ಅವರ ನಿರ್ದೇಶನ. ‘ನಾಂದಿ’ಯನ್ನು ಮಾಡಿದ್ದ ಅದೇ ಲಕ್ಷ್ಮೀನಾರಾಯಣ್. ರಾಜಕುಮಾರ್, ಕಲ್ಪನಾ, ಅಶ್ವಥ್ ಮುಖ್ಯ ಪಾತ್ರಗಳಲ್ಲಿದ್ದಾರೆ. ಪುಸ್ತಕಗಳಲ್ಲಿ ಮುಳುಗಿದ ಪ್ರಾಧ್ಯಾಪಕ, ಒಂಟಿತನದಲ್ಲಿ ಬಾಡುವ ಅವನ ಪತ್ನಿ, ಆ ಮನೆಗೆ ಬಂದು ಆಕೆಯ ನೋವನ್ನು ಗುರುತಿಸುವ ಇನ್ನೊಬ್ಬ. ಇಬ್ಬರ ನಡುವೆ ಒಲವು ಮೂಡುತ್ತದೆ, ಸಂಯಮ ಅದನ್ನು ತಡೆಯುತ್ತದೆ. ಹೊಡೆದಾಟವಿಲ್ಲ, ಖಳನಿಲ್ಲ. ರಾಜಕುಮಾರ್ ಅವರಂಥ ನಟ ಇಡೀ ಚಿತ್ರದಲ್ಲಿ ತಡೆದುಕೊಳ್ಳುವ ಕೆಲಸವನ್ನೇ ಮಾಡುತ್ತಾರೆ. ನಾನು ಯಾರಿಗೆಲ್ಲ ಇದನ್ನು ತೋರಿಸಿದೆನೋ ಅವರಲ್ಲಿ ಬಹುತೇಕರು, “ಇದರಲ್ಲಿ ಏನಾಯಿತು?” ಎಂದು ಕೇಳಿದರು. ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ ಎಷ್ಟು ಶಕ್ತಿ ಬೇಕೆಂಬುದೇ ಅದರ ವಸ್ತು ಎಂಬುದು ನನ್ನ ವಾದವಾಗಿತ್ತು.

ನಾನು ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದ ವರ್ಷಗಳಲ್ಲಿ ಒಂದು ಭಾನುವಾರ ಸಂಜೆ ದೂರದರ್ಶನದಲ್ಲಿ ಈ ಚಿತ್ರ ಬಂದಿತು. ನನ್ನ ಶ್ರೀಮತಿಯನ್ನು ಒತ್ತಾಯದಿಂದ ಕೂರಿಸಿದೆ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಗಿನ ಅಡುಗೆ, ಶಾಲೆ, ಮಗನ ಜ್ವರ, ನನ್ನ ತಾಯಿಯವರ ಔಷಧಿ ಎಲ್ಲವೂ ಆಕೆಯ ಪಾಲು. ನನ್ನ ಪಾಲಿನದು ಹಳಗನ್ನಡ ಕಾವ್ಯಗಳ ಸ್ತ್ರೀಪಾತ್ರಗಳ ಅಧ್ಯಯನ. ಚಿತ್ರ ಮುಗಿಯುವ ಮೊದಲೇ ಆಕೆ ಎದ್ದು ಅಡುಗೆಮನೆಗೆ ಹೋದಳು. “ಯಾಕೆ, ಹಿಡಿಸಲಿಲ್ಲವೇ?” ಎಂದೆ. “ಇಲ್ಲ” ಎಂದಳು. ನಾನು ಅಲ್ಲಿಯೇ ನಿಂತು ಸಂಯಮ, ಧ್ವನಿ, ಔಚಿತ್ಯಗಳ ಬಗ್ಗೆ ಕಾಲುಗಂಟೆ ಮಾತಾಡಿದೆ. ಆಕೆ ಹಿಟ್ಟು ಕಲಸುತ್ತ ಕೇಳಿಸಿಕೊಂಡಳು. ಆಮೇಲೂ ಎಷ್ಟೋ ವರ್ಷ, ಮನೆಗೆ ಬಂದ ಗೆಳೆಯರೆದುರು, “ಇವಳಿಗೆ ‘ಉಯ್ಯಾಲೆ’ ಹಿಡಿಸುವುದಿಲ್ಲ ನೋಡಿ” ಎಂದು ತಮಾಷೆ ಮಾಡುತ್ತಿದ್ದೆ. ಆಕೆಯ ರುಚಿ ಇನ್ನೂ ಪಕ್ವವಾಗಬೇಕೆಂಬ ಧ್ವನಿ ಅದರಲ್ಲಿತ್ತು.

ನಾಲ್ಕು ವರ್ಷಗಳ ಹಿಂದೆ ಒಬ್ಬ ಹಳೆಯ ಸಹೋದ್ಯೋಗಿ ಊಟಕ್ಕೆ ಬಂದಿದ್ದಾಗ ಮತ್ತೆ ಅದೇ ಮಾತು ತೆಗೆದೆ. ಅವರು ಹೋದ ಮೇಲೆ ತಟ್ಟೆಗಳನ್ನು ಎತ್ತುತ್ತ ಆಕೆ ಹೇಳಿದಳು: “ನೀವು ಪ್ರತಿ ಸಲವೂ ನನಗೆ ಆ ಚಿತ್ರ ಅರ್ಥವಾಗಲಿಲ್ಲ ಅಂತ ಹೇಳ್ತೀರಿ. ಅರ್ಥವಾಗದೆ ಏನು? ಅಂಥ ಮನೆಯಲ್ಲಿ ನಾನು ಎಂಟು ವರ್ಷ ಇದ್ದೆ. ಅದನ್ನು ಟಿ.ವಿ.ಯಲ್ಲಿ ಬೇರೆ ನೋಡಬೇಕಾ? ನೀವು ಅದನ್ನು ನೋಡಿ, ಚೆನ್ನಾಗಿದೆ ಅಂತ ಹೇಳಿ, ಮತ್ತೆ ನಿಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿರಿ.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಾಗಿತ್ತು. ಎಂಟು ವರ್ಷ ಎಂಬುದು ನನ್ನ ಪ್ರಬಂಧ ತೆಗೆದುಕೊಂಡ ಕಾಲ. ಆಕೆ ಎಣಿಸಿಟ್ಟಿದ್ದಳು. ಚಿತ್ರದ ಪ್ರಾಧ್ಯಾಪಕನನ್ನು ಕಂಡು ನಾನು ಮರುಗಿದ್ದೆ, ಅತಿಥಿಯ ಸಂಯಮವನ್ನು ಕೊಂಡಾಡಿದ್ದೆ. ಕಲ್ಪನಾ ಅವರ ಅಭಿನಯಕ್ಕೆ ತಲೆದೂಗಿದ್ದೆ. ಹಾಗೆ ತಲೆದೂಗುವುದರಲ್ಲಿಯೇ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ನಾನು ಇಷ್ಟು ಕಾಲ ಮಾಡಿದ ವಾದದಲ್ಲಿ ಚಿತ್ರದ ಸಮರ್ಥನೆ ಎಷ್ಟು, ನನ್ನ ಸಮರ್ಥನೆ ಎಷ್ಟು ಎಂದು ಬಿಡಿಸಿ ನೋಡಲು ಆ ರಾತ್ರಿ ಕುಳಿತೆ. ಬಿಡಿಸಲಾಗಲಿಲ್ಲ.

ಆಲಂಕಾರಿಕರು ಸಹೃದಯನ ಲಕ್ಷಣವನ್ನು ಹೇಳುವಾಗ ತನ್ಮಯತೆಯನ್ನು ಮುಖ್ಯವಾಗಿ ಎಣಿಸುತ್ತಾರೆ. ವರ್ಣಿತವಾದುದರೊಡನೆ ಒಂದಾಗಬಲ್ಲ ಮನಸ್ಸು ಬೇಕು. ಅದರ ಜೊತೆಗೇ ಸ್ವಂತದ ಸುಖದುಃಖಗಳಲ್ಲಿ ಸಿಕ್ಕಿಬಿದ್ದ ಮನಸ್ಸಿಗೆ ರಸಾನುಭವ ಒದಗದೆಂದು, ಅದೊಂದು ವಿಘ್ನವೆಂದು ಅಭಿನವಗುಪ್ತ ಹೇಳುತ್ತಾನೆ. ಇದನ್ನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ವಿಘ್ನಕ್ಕೆ ಸಿಲುಕಿದ ಪ್ರೇಕ್ಷಕನನ್ನು ಅನರ್ಹನೆಂದೇ ತಿಳಿದಿದ್ದೆ. ಪ್ರೇಕ್ಷಕಳ ದುಃಖವೂ ಪರದೆಯ ದುಃಖವೂ ಒಂದೇ ಆಗಿದ್ದಾಗ ಆಕೆ ಎದ್ದು ಹೋಗುವುದು ಅರಸಿಕತೆಯೇ? ಕೊನೆಯವರೆಗೆ ಕುಳಿತ ನನಗಿಂತ, ಎದ್ದುಹೋದ ಆಕೆಯೇ ಆ ಚಿತ್ರವನ್ನು ಹೆಚ್ಚು ಆಳದಲ್ಲಿ ಕಂಡಿರಬೇಕು.

ಅಂದಿನಿಂದ ತರಗತಿಯಲ್ಲಿ ನನ್ನ ರೀತಿ ಸ್ವಲ್ಪ ಬದಲಾಗಿದೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ತೋರಿಸುತ್ತೇನೆ. 1977ರ ಆ ಚಿತ್ರ ಇಂದಿನ ಹುಡುಗರಿಗೆ ಸುಲಭವಾಗಿ ಹಿಡಿಸುವುದಿಲ್ಲ. ಮೊದಲು ಮುಗಿದ ಕೂಡಲೇ ಅದರ ಹಿರಿಮೆಯನ್ನು ವಿವರಿಸಲು ಆರಂಭಿಸುತ್ತಿದ್ದೆ. ಈಗ, “ಯಾರಿಗೆ ಹಿಡಿಸಲಿಲ್ಲ, ಏಕೆ?” ಎಂದು ಕೇಳಿ ಸುಮ್ಮನಿರುತ್ತೇನೆ. ಹೆಚ್ಚಿನವರು ‘ಸ್ಲೋ’ ಎನ್ನುತ್ತಾರೆ, ಅದು ನಿರೀಕ್ಷಿತವೇ. ಹೋದ ವರ್ಷ ಒಬ್ಬ ಹುಡುಗಿ, ತಲೆ ಬೋಳಿಸಿಕೊಂಡು ಮರದಡಿ ಕುಳಿತ ಯಮುನಕ್ಕನನ್ನು ಬಿಟ್ಟು ನಾಣಿ ತಂದೆಯೊಡನೆ ಹೊರಟೇಹೋಗುವುದು ತನಗೆ ಸಹಿಸಲಾಗಲಿಲ್ಲ, ಇಂಥ ಚಿತ್ರವನ್ನು ಇನ್ನೊಮ್ಮೆ ನೋಡಲಾರೆ ಎಂದಳು. ಹಿಡಿಸಲಿಲ್ಲವೆಂಬ ಒಂದೇ ಮಾತಿನ ಹಿಂದೆ ನಿದ್ದೆಯೂ ಇರಬಹುದು, ಕಣ್ಣೀರೂ ಇರಬಹುದು.

ಹೀಗೆಂದ ಮಾತ್ರಕ್ಕೆ ನನ್ನ ಒಲವುಗಳನ್ನು ನಾನು ಹಿಂದಕ್ಕೆ ಪಡೆಯುತ್ತಿಲ್ಲ. ‘ಹಂಸಗೀತೆ’ಯ ವಿಷಯದಲ್ಲಿ ಹಾಸ್ಟೆಲಿನ ನಗುವಿಗೆ ಇನ್ನು ಸೇರುವವನಲ್ಲ. ‘ಉಯ್ಯಾಲೆ’ ಒಳ್ಳೆಯ ಚಿತ್ರವೆಂಬ ಅಭಿಪ್ರಾಯವೂ ಕದಲಿಲ್ಲ. ಅದು ಅಷ್ಟು ಒಳ್ಳೆಯ ಚಿತ್ರವಾದುದರಿಂದಲೇ ನಮ್ಮ ಮನೆಯಲ್ಲಿ ಒಬ್ಬರು ಅದನ್ನು ನೋಡಲಾರರು. ಗೆಳೆಯರೆದುರಿನ ಆ ತಮಾಷೆಯನ್ನು ಮಾತ್ರ ನಿಲ್ಲಿಸಿದ್ದೇನೆ.

ಜನ್ನನ ಸಖಿಯನ್ನು ನಾನು ಬಹುಕಾಲ ಅರಸಿಕಳೆಂದು ಪಾಠ ಮಾಡಿದೆ. ಅವಳು ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಹಗಲಿನ ಬೆಳಕಿನಲ್ಲಿ ಹೋಗಿ, ಹತ್ತಿರದಿಂದ ನೋಡಿ ಬಂದವಳು ಅವಳು. ರಾಣಿ ಇರುಳಿನಲ್ಲಿ, ದೂರದಿಂದ ಒಂದು ದನಿಯನ್ನಷ್ಟೇ ಕೇಳಿದ್ದಳು. ದನಿಯೂ ನಿಜ, ರೂಪವೂ ನಿಜ. ಈ ವರ್ಷ ಆ ಭಾಗಕ್ಕೆ ಬಂದಾಗ ಸಖಿಯ ಮಾತುಗಳನ್ನು ಎರಡು ಸಲ ಓದಿಸಿದೆ. ಹಿಂದಿನ ಬೆಂಚಿನಿಂದ ನಗು ಕೇಳಿಬಂತು. ನಗಲಿ ಎಂದು ಬಿಟ್ಟೆ, ಆಮೇಲೆ ರಾಣಿಯ ಉತ್ತರಕ್ಕೆ ಬಂದೆ.