ಮುಸ್ತಫಾನ ಡಬ್ಬಿ

ಪುಣೆಯ ಗುಜರಿ ಅಂಗಡಿಯಿಂದ ವಿಡಿಯೋ ಗೇಮ್ ಡಬ್ಬಿ ಮನೆಗೆ ತಂದೆ ಅಂದರೆ ನಂಬ್ತೀರಾ? ಅದೇ ರೀ, ಆಳೆತ್ತರದ್ದು, ಕಾಯಿನ್ ಹಾಕಿ 'ಮುಸ್ತಫಾ' ಆಡ್ತಿದ್ದೆವಲ್ಲ! (ಕ್ಯಾಪ್ಕಾಮ್ ಕಂಪನಿ 1993ರಲ್ಲಿ ಇಟ್ಟ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ನಮ್ಮವರು ಒಳಗಿದ್ದ ಒಬ್ಬನ ಹೆಸರನ್ನೇ ಇಡೀ ಆಟಕ್ಕಿಟ್ಟರು.)

ಬುಡಕ್ಕೆ ಗೆದ್ದಲು ಹಿಡಿದಿತ್ತು. ಬಡಗಿ ಅಷ್ಟು ಕತ್ತರಿಸಿ ಹೊಸ ಪ್ಲೈವುಡ್ ಕೂರಿಸಿದ. ಗೇಮ್ ಬೋರ್ಡ್ ಸತ್ತಿತ್ತು. ಪುಣ್ಯಕ್ಕೆ ವೈರಿಂಗ್ 'ಜಾಮಾ' ಪದ್ಧತಿಯದು, 1985ರಲ್ಲಿ ಬಂದ 56 ಪಿನ್ನಿನದು. ನಡುವೆ ಒಂದು ಚಿಕ್ಕ ಬೋರ್ಡ್ ಹಾಕಿದರೆ, ಒಂದೂ ವೈರ್ ಕತ್ತರಿಸದೆ ಹಳೇ ಕಂಪ್ಯೂಟರ್ ಜೋಡಿಸಬಹುದು.

ಜಗಳ ಹತ್ತಿದ್ದು ಪಿಕ್ಚರ್ ಟ್ಯೂಬಿಗೆ. "ಎಲ್‌ಸಿಡಿ ಹಾಕಿಬಿಡಪ್ಪಾ" ಅಂದ ಮಗ. ಅವನದೂ ನ್ಯಾಯವೇ. ಟ್ಯೂಬು ಹೋದರೆ ಹೊಸದು ಸಿಗೋಲ್ಲ, ಸ್ವಿಚ್ ಆರಿಸಿದ ಮೇಲೂ ಸಾವಿರಾರು ವೋಲ್ಟ್ ಬಚ್ಚಿಟ್ಟುಕೊಂಡಿರುತ್ತೆ. ಆದರೆ ಆ ಆಟದ ಚಿತ್ರ ಬರೀ 224 ಗೆರೆಯದ್ದು. ಟ್ಯೂಬಿನಲ್ಲಿ ಬಣ್ಣಗಳು ಒಂದಕ್ಕೊಂದು ಕರಗಿ ನಿಲ್ಲುತ್ತವೆ. ಎಲ್‌ಸಿಡಿಯಲ್ಲಿ ಬಚ್ಚಲ ಟೈಲ್ಸ್ ಜೋಡಿಸಿದಂಗೆ. ನಾನು ಒಪ್ಪಲಿಲ್ಲ.

ಟ್ಯೂಬಿಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 15,000 ಗೆರೆ, ಕಂಪ್ಯೂಟರ್ ಮಾಮೂಲಾಗಿ ಕೊಡೋದು 31,000ಕ್ಕೂ ಮೇಲೆ. ಹಾಗೇ ಕೊಟ್ಟರೆ ಮಾನಿಟರ್ ಸುಟ್ಟೀತು. ಹಳೇ ರೇಡಿಯಾನ್ ಕಾರ್ಡು, ಅದಕ್ಕೊಂದು ವಿಶೇಷ ಡ್ರೈವರ್ ಹುಡುಕಿದ್ದಾಯ್ತು. ಬಡಾವಣೆಯ ಮುದುಕ ಟಿವಿ ಮೆಕ್ಯಾನಿಕ್ ಟ್ಯೂಬಿನ ಚಾರ್ಜ್ ಇಳಿಸಿ, ಉಬ್ಬಿದ ಕೆಪ್ಯಾಸಿಟರ್ ಬದಲಾಯಿಸಿದರು. ಸ್ವಿಚ್ ಒತ್ತಿದಾಗ ಅವರೂ ನನ್ನ ಹಾಗೇ ಎರಡು ಹೆಜ್ಜೆ ಹಿಂದೆ ಸರಿದರು!

ಚಿತ್ರ ಬಂತು. ಈಗ ಮಗನೇ ಮುಸ್ತಫಾ, ನಾನು ಎರಡನೇ ಪ್ಲೇಯರ್ರು. ಕಾಯಿನ್ ಡಬ್ಬಿಯ ಬೀಗದ ಕೈ ಮಾತ್ರ ನಮ್ಮ ಮನೆಯವಳ ಹತ್ತಿರ.