ಆ ನೀಲಿ ಬಟನ್ ಒತ್ತಿಬಿಡಿ ಚಿಕ್ಕಮ್ಮ



ಈ ಸಲದ ಮೇ ರಜೆಗೆ ನಾವು ಅಕ್ಕ-ತಮ್ಮ ಇಬ್ಬರೂ ಚಿನ್ನಮನೂರಿಗೆ ಹೋಗಿದ್ದೆವು. ತಮಿಳುನಾಡಿನ ತೇನಿ ಜಿಲ್ಲೆ, ಕಂಬಂ ಕಣಿವೆಯ ಊರು. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ. "ತಮಿಳುನಾಡಲ್ಲಿ ನಿಮಗ್ಯಾರು ನೆಂಟರು?" ಎಂದು ನಮ್ಮ ಧರ್ಮಕೇಂದ್ರದ ಗೆಳೆಯರು ಪ್ರತಿ ಸಲ ಕೇಳುತ್ತಾರೆ. ಆ ಕಣಿವೆಯಲ್ಲಿ ಕನ್ನಡ ಮನೆಮಾತಿನವರು ತಲೆಮಾರುಗಳಿಂದ ಇದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಓದು-ಬರಹವೆಲ್ಲ ತಮಿಳಿನಲ್ಲೇ ಆಗಿರುವುದರಿಂದ ಚಿಕ್ಕಮ್ಮನಿಗೆ ಕನ್ನಡದ ಅಕ್ಷರ ಬರುವುದಿಲ್ಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ.

ಆ ಮನೆಯಲ್ಲಿ ದೊಡ್ಡವರಿಬ್ಬರಿಗೂ ಸೇರಿ ಒಂದೇ ಸ್ಮಾರ್ಟ್‌ಫೋನು. ಬೆಳಗ್ಗೆ ಚಿಕ್ಕಪ್ಪನ ಕೈಯಲ್ಲಿ, ಮಧ್ಯಾಹ್ನ ಚಿಕ್ಕಮ್ಮನ ಕೈಯಲ್ಲಿ, ರಾತ್ರಿ ಯಾರ ಕೈಗೆ ಸಿಕ್ಕಿತೋ ಅವರದು. ನಾವು ಹೋದ ಮಾರನೇ ದಿನ ಚಿಕ್ಕಮ್ಮ ಫೋನ್ ಹಿಡಿದುಕೊಂಡು ಬಂದರು. ಯಾವುದೋ ಅಡುಗೆಯ ಸೈಟು. ಪರದೆಯ ಅರ್ಧಕ್ಕೆ ಒಂದು ಪೆಟ್ಟಿಗೆ ಬಂದು ಕೂತಿತ್ತು, ತುಂಬ ಇಂಗ್ಲಿಷ್. "ಏನೋ ಕೇಳ್ತಾ ಇದೆ, ನೋಡ್ರಪ್ಪಾ."

ನಾವು ಓದಲಿಲ್ಲ. ನಿಜ ಹೇಳಬೇಕೆಂದರೆ ನಾವು ಯಾವತ್ತೂ ಓದಿಲ್ಲ. "ಆ ನೀಲಿ ಬಟನ್ ಒತ್ತಿಬಿಡಿ ಚಿಕ್ಕಮ್ಮ, ಹೋಗಿಬಿಡುತ್ತೆ" ಎಂದೆವು. ಒತ್ತಿದರು, ಹೋಯಿತು. "ಇಷ್ಟೇನಾ?" ಎಂದು ನಕ್ಕರು. ನಮಗೂ ಏನೋ ಕಲಿಸಿದ ಹೆಮ್ಮೆ.

ಚಿಕ್ಕಪ್ಪನಿಗೆ ಒಂದೂವರೆ ಎಕರೆ ಪನ್ನೀರ್ ದ್ರಾಕ್ಷಿ ತೋಟ ಇದೆ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದೇ ಕಂಬಂ ಪನ್ನೀರ್ ದ್ರಾಕ್ಷಿ. ಗುರುತು ಸಿಕ್ಕಿದರೂ ಮಳೆ ಕೇಳಬೇಕಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದು ಹಣ್ಣು ಬಿರಿದಿತ್ತು, ವ್ಯಾಪಾರಿ ಅರ್ಧ ಬೆಲೆಗೂ ಒಪ್ಪಲಿಲ್ಲ. ಅದೇ ಹೊತ್ತಿಗೆ ಮದುರೈಯಲ್ಲಿ ನರ್ಸಿಂಗ್ ಓದುತ್ತಿರುವ ಮಗಳ ಫೀಸು ಕಟ್ಟಬೇಕಿತ್ತು. ಮಗಳ ಮದುವೆಗೆಂದು ಎತ್ತಿಟ್ಟಿದ್ದ ಸರವನ್ನು ಅಡವಿಡಬೇಕೆಂದು ಚಿಕ್ಕಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಚಿಕ್ಕಪ್ಪನಿಗೆ ಹೇಳಿರಲಿಲ್ಲ. ಮೊದಲೇ ತೋಟದ ಚಿಂತೆಯಲ್ಲಿ ಊಟ ಬಿಟ್ಟಿದ್ದವರಿಗೆ ಇದನ್ನೂ ಹೇಳುವುದು ಹೇಗೆ ಅಂತ. ಪೇಟೆಯ ಗಿರವಿ ಅಂಗಡಿಗೆ ಹೋಗಲು ಧೈರ್ಯವಿರಲಿಲ್ಲ. ಚಿನ್ನಮನೂರು ಅಷ್ಟೇನು ದೊಡ್ಡ ಊರಲ್ಲ, ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಸುದ್ದಿ ಮನೆ ಸೇರಿರುತ್ತದೆ.

ಫೋನಾದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡರು.

ಒಂದು ಮಧ್ಯಾಹ್ನ ಒಂದು ಸಾಲದ ಸೈಟು ತೆರೆದು, ನಾವು ಹೇಳಿಕೊಟ್ಟಂತೆ ನೀಲಿ ಬಟನ್ ಒತ್ತಿ, ಎಷ್ಟು ಗ್ರಾಂ ಎಂದು ಬರೆದು, ಫೋನ್ ನಂಬರ್ ಹಾಕಿ, ಮುಂದೇನು ಎಂದು ತಿಳಿಯದೆ ಮುಚ್ಚಿದರು. ಎರಡು ದಿನ ಬಿಟ್ಟು ಸಂಜೆ ಚಿಕ್ಕಪ್ಪ ಜಗಲಿಯಲ್ಲಿ ಕೂತು ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನ ಮಟ್ಟ ನೋಡುತ್ತಿದ್ದರು. ಕಣಿವೆಯ 14,707 ಎಕರೆಯ ಮೊದಲ ಬೆಳೆಗೆ ಜೂನ್ 1ಕ್ಕೆ ನೀರು ಬಿಡುವ ವಾಡಿಕೆ, ಮೇ ತಿಂಗಳಲ್ಲಿ ಅಲ್ಲಿ ಎಲ್ಲರೂ ನೋಡುವುದು ಅದನ್ನೇ. ನೀರಿನ ಅಡಿಗಳ ಪಟ್ಟಿಯ ಕೆಳಗೆ ಒಂದು ಸರದ ಚಿತ್ರ. ತಮಿಳಿನಲ್ಲಿ ದೊಡ್ಡ ಅಕ್ಷರ: ನಿಮ್ಮ ಚಿನ್ನದ ಸಾಲದ ಅರ್ಜಿ ಅರ್ಧಕ್ಕೆ ನಿಂತಿದೆ, ಪೂರ್ತಿ ಮಾಡಿ. ಇನ್ನೊಂದು ಪುಟ ತೆರೆದರು. ಅಲ್ಲೂ ಅದೇ ಸರ.

ಚಿಕ್ಕಪ್ಪ ಕೂಗಾಡುವವರಲ್ಲ. ಒಳಗೆ ಬಂದು ಫೋನನ್ನು ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದರು. "ನನಗಿಂತ ಮುಂಚೆ ಈ ಫೋನಿಗೆ ತಿಳಿದುಹೋಯ್ತಾ?"

ಚಿಕ್ಕಮ್ಮ ನಮ್ಮ ಕಡೆ ನೋಡಿದರು. "ನೀವು ಹೇಳಿದ್ದನ್ನೇ ಒತ್ತಿದೆ ಮಕ್ಳಾ" ಎಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಆ ರಾತ್ರಿ ಮಾಡಿನ ಮೇಲೆ ಕೂತು, ಇಷ್ಟು ದಿನ ಓದದೆ ಒತ್ತಿದ್ದನ್ನು ಓದಿದೆವು. ಕುಕೀ ಎಂದರೆ ಬಿಸ್ಕತ್ತೂ ಅಲ್ಲ, ವೈರಸ್ಸೂ ಅಲ್ಲ. ಒಂದು ಸಣ್ಣ ಚೀಟಿ. ವೆಬ್‌ಸೈಟಿಗೆ ತನ್ನಷ್ಟಕ್ಕೆ ನೆನಪಿಲ್ಲ. ನೀವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದರೆ ಅದಕ್ಕೆ ನೀವು ಹೊಸಬರೇ. ಆದ್ದರಿಂದ ಮೊದಲ ಸಲ ಬಂದಾಗ ಒಂದು ಗುರುತಿನ ನಂಬರ್ ಬರೆದು ಚೀಟಿಯನ್ನು ನಿಮ್ಮ ಬ್ರೌಸರಿಗೆ ಕೊಡುತ್ತದೆ. ಮುಂದಿನ ಸಲ ಬ್ರೌಸರ್ ಅದನ್ನು ತೋರಿಸಿದರೆ, ಓ ಇವರೇ ಎಂದು ಗುರುತು ಹಿಡಿಯುತ್ತದೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟರೆ ಕೊಡುವ ಟೋಕನ್ ಹಾಗೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಯುವಕ ಇದನ್ನು ಕಂಡುಹಿಡಿದ. ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯವಾಗಬಾರದು, ಅದಕ್ಕೆ. ನಾವು ಲಾಗಿನ್ ಆಗಿ ಉಳಿಯುವುದು, ರೈಲಿನ ಟಿಕೆಟ್ ಬುಕ್ ಮಾಡುವುದು ಇದರಿಂದಲೇ. ಇಲ್ಲಿಯವರೆಗೆ ತಕರಾರೇನೂ ಇಲ್ಲ.

ಚೀಟಿ ಕೊಟ್ಟವರಿಗೆ ಮಾತ್ರ ಅದನ್ನು ಓದಲು ಸಾಧ್ಯ, ನಿಯಮವೂ ಹಾಗೇ ಇದೆ. ಹಾಗಾದರೆ ಸಾಲದ ಸೈಟಿನ ವಿಷಯ ನೀರಿನ ಪುಟಕ್ಕೆ ಹೇಗೆ ತಿಳಿಯಿತು? ಸಂತೆಯನ್ನು ನೆನೆಸಿಕೊಳ್ಳಿ. ಪ್ರತಿ ಅಂಗಡಿಯ ಮೂಲೆಯಲ್ಲೂ ಒಬ್ಬನೇ ಯಜಮಾನನ ಆಳುಗಳು ಕೂತಿದ್ದಾರೆ ಅಂದುಕೊಳ್ಳಿ. ಅವರು ಅಂಗಡಿಯವರಲ್ಲ, ಅಂಗಡಿಯವನು ಜಾಗ ಕೊಟ್ಟಿದ್ದಾನೆ. ನೀವು ಸೊಪ್ಪಿನ ಅಂಗಡಿಗೆ ಹೋದರೂ, ಪಾತ್ರೆ ಅಂಗಡಿಗೆ ಹೋದರೂ, ಗಿರವಿ ಅಂಗಡಿಗೆ ಹೋದರೂ ನಿಮ್ಮ ಜೇಬಿನಲ್ಲಿರುವ ತಮ್ಮ ಯಜಮಾನನ ಚೀಟಿಯನ್ನೇ ನೋಡಿ ಬರೆದುಕೊಳ್ಳುತ್ತಾರೆ. ಇವೇ ಥರ್ಡ್ ಪಾರ್ಟಿ ಕುಕೀಗಳು, ಜಾಹೀರಾತು ಕಂಪನಿಗಳವು. ಚಿಕ್ಕಮ್ಮ ಹೋದದ್ದು ಒಂದೇ ಅಂಗಡಿಗೆ, ಕಂಡದ್ದು ಆ ಆಳಿಗೆ. ಅವನಿಗೆ ಚಿಕ್ಕಮ್ಮನ ಹೆಸರು ಬೇಕಿಲ್ಲ, ಇದೇ ಫೋನು ಎಂದು ತಿಳಿದರೆ ಸಾಕು. ಆ ಫೋನು ಸಂಜೆ ಇನ್ನೊಬ್ಬರ ಕೈಯಲ್ಲಿರುತ್ತದೆ ಎಂಬುದು ಅವನಿಗೆ ಗೊತ್ತಿಲ್ಲ. ಒಬ್ಬರಿಗೊಂದು ಫೋನ್ ಇರುವ ಮನೆಗಳಿಗಾಗಿ ಕಟ್ಟಿದ ವ್ಯವಸ್ಥೆ ಅದು.

ಇದು ಆಗಬಾರದೆಂದು ಮೊದಲೇ ಹೇಳಿದವರಿದ್ದರು. ಕುಕೀಗೆ ಮೊದಲ ಅಧಿಕೃತ ನಿಯಮಾವಳಿ ಬಂದದ್ದು 1997ರಲ್ಲಿ. ಹೊರಗಿನವರ ಚೀಟಿಯನ್ನು ಬ್ರೌಸರ್ ತಾನಾಗಿ ತೆಗೆದುಕೊಳ್ಳಬಾರದು ಎಂದೇ ಅದರಲ್ಲಿತ್ತು. ಆಗಿನ ದೊಡ್ಡ ಬ್ರೌಸರುಗಳು ಕೇಳಲಿಲ್ಲ. ಸಫಾರಿ 2020ರಲ್ಲಿ ಅವನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿನ ಚೀಟಿಯನ್ನು ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ, ಒಂದರ ವಾಸನೆ ಇನ್ನೊಂದಕ್ಕೆ ತಗಲುವುದಿಲ್ಲ. ಕ್ರೋಮ್ ಕೂಡ ನಿಲ್ಲಿಸುತ್ತೇನೆಂದು 2020ರಲ್ಲಿ ಹೇಳಿ 2024ರ ಜುಲೈನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ನಮ್ಮ ನಿಮ್ಮ ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ಇರುವುದು ಕ್ರೋಮೇ. ಅಂದರೆ ನಾವೇ ಹೋಗಿ ಮುಚ್ಚಬೇಕು.

ಮುಚ್ಚಿದೆವು. ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್, ಅಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ಥರ್ಡ್ ಪಾರ್ಟಿ ಕುಕೀಸ್, ಅಲ್ಲಿ ಬ್ಲಾಕ್. ಆಮೇಲೆ ಹಳೆಯ ಚೀಟಿಗಳನ್ನು ಗುಡಿಸಬೇಕು: ಅದೇ ಮೂರು ಚುಕ್ಕಿಯಲ್ಲಿ ಡಿಲೀಟ್ ಬ್ರೌಸಿಂಗ್ ಡೇಟಾ, ಆಲ್ ಟೈಮ್. ಕುಕೀಸ್ ಎಂಬಲ್ಲಿ ಟಿಕ್ ಇರಲಿ, ಪಾಸ್‌ವರ್ಡ್ ಎಂಬಲ್ಲಿ ಬೇಡ. ಇದನ್ನು ಮಾಡಿದರೆ ತೆರೆದಿಟ್ಟ ಸೈಟುಗಳೆಲ್ಲ ಮತ್ತೆ ಲಾಗಿನ್ ಕೇಳುತ್ತವೆ. ನಮ್ಮ ಫೋನಾದರೆ ಸರಿ, ದೊಡ್ಡವರ ಫೋನಾದರೆ ಪಾಸ್‌ವರ್ಡ್ ನೆನಪಿದೆಯೇ ಎಂದು ಮೊದಲು ಕೇಳಿ. ನಾವು ಕೇಳಲಿಲ್ಲ, ಚಿಕ್ಕಪ್ಪನ ಇಮೇಲ್ ಮತ್ತೆ ತೆರೆಯಲು ಮಾರನೇ ದಿನ ಒಂದು ಗಂಟೆ ಹೋಯಿತು.

ಒಂದೇ ಫೋನಿನ ಮನೆಗೆ ಇನ್ನೂ ಸುಲಭದ ದಾರಿ ಇನ್‌ಕಾಗ್ನಿಟೊ ಟ್ಯಾಬ್. ಅದರಲ್ಲಿ ಹೊರಗಿನವರ ಚೀಟಿಗೆ ಸಾಮಾನ್ಯವಾಗಿ ತಡೆಯಿರುತ್ತದೆ, ಎಲ್ಲ ಇನ್‌ಕಾಗ್ನಿಟೊ ಟ್ಯಾಬ್‌ಗಳನ್ನು ಮುಚ್ಚಿದೊಡನೆ ಆ ಚೀಟಿಗಳೂ ಹೋಗುತ್ತವೆ. ಹಾಗಂತ ಅದು ಮಾಯಾ ಕಂಬಳಿಯಲ್ಲ. ನೀವು ಹೋದ ಸೈಟಿಗೆ ನೀವು ಬಂದದ್ದು ಗೊತ್ತೇ ಇರುತ್ತದೆ. ಇನ್ನು ಆ್ಯಪ್‌ಗಳ ಲೆಕ್ಕವೇ ಬೇರೆ. ಅವು ಬ್ರೌಸರಿನ ಚೀಟಿಯನ್ನಲ್ಲ, ಫೋನಿನ ಜಾಹೀರಾತು ಐಡಿಯನ್ನು ನೋಡುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅಲ್ಲಿ ಆ್ಯಡ್ಸ್ ಎಂಬಲ್ಲಿ ಆ ಐಡಿಯನ್ನು ಅಳಿಸಬಹುದು.

ಚಿಕ್ಕಮ್ಮ ಕೊಟ್ಟಿದ್ದ ಫೋನ್ ನಂಬರನ್ನು ಮಾತ್ರ ಯಾವ ಸೆಟ್ಟಿಂಗೂ ವಾಪಸ್ ತರಲಿಲ್ಲ. ಒಂದು ವಾರ ಕರೆಗಳು ಬಂದವು. ಚೀಟಿಯನ್ನು ಹರಿದುಹಾಕಬಹುದು, ನಾವಾಗಿ ಬರೆದುಕೊಟ್ಟದ್ದನ್ನು ಹರಿಯುವುದು ಕಷ್ಟ.

ಈಗ ಆ ನೀಲಿ ಬಟನ್ ವಿಷಯ. ಪೆಟ್ಟಿಗೆಯಲ್ಲಿ 'ಎಲ್ಲಕ್ಕೂ ಒಪ್ಪಿಗೆ' ದೊಡ್ಡದಾಗಿ ಬಣ್ಣದಲ್ಲಿರುತ್ತದೆ, 'ಬೇಡ' ಎಂಬುದು ಬೂದು ಬಣ್ಣದಲ್ಲಿ ಮೂಲೆಯಲ್ಲಿರುತ್ತದೆ ಇಲ್ಲವೇ ಎರಡು ಪುಟ ಒಳಗೆ ಅಡಗಿರುತ್ತದೆ. ಇದು ಮರೆವಿನಿಂದ ಆದದ್ದಲ್ಲ. ಒಪ್ಪಲು ಒಂದು ಕ್ಲಿಕ್, ಬೇಡ ಎನ್ನಲು ಹಲವು ಕ್ಲಿಕ್ ಇಟ್ಟದ್ದಕ್ಕೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತು. ಅಷ್ಟು ದುಬಾರಿ ಬಟನ್ನನ್ನು ನಾವು ಬಿಟ್ಟಿಯಾಗಿ ಒತ್ತಿಸಿದ್ದೆವು. 'ಬೇಡ' ಎಂದರೂ ಅಡುಗೆಯ ಸೈಟಿನಲ್ಲಿ ಅಡುಗೆ ಓದಲು ಏನೂ ತೊಂದರೆಯಾಗುವುದಿಲ್ಲ, ನಾವು ನೋಡಿದ್ದೇವೆ. ನಮ್ಮ ಕಡೆ ಎಷ್ಟೋ ಸೈಟುಗಳು ಕೇಳುವುದೇ ಇಲ್ಲ, ಸುಮ್ಮನೆ ಚೀಟಿ ಇಡುತ್ತವೆ. ಪೆಟ್ಟಿಗೆ ಬರಲಿಲ್ಲವೆಂದರೆ ಕುಕೀ ಇಲ್ಲವೆಂದಲ್ಲ.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 80 ದಾಟಿದ ವಯಸ್ಸಿನಲ್ಲಿ ಅರ್ಜಿ ಹಾಕಿದವರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದೆಗೆದುಕೊಳ್ಳಲು ಆಗಬೇಕು ಎನ್ನುತ್ತದೆ ಆ ಕಾಯ್ದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು ಎನ್ನುತ್ತದೆ. ನಮಗೆ ಕನ್ನಡ, ಚಿಕ್ಕಮ್ಮನಿಗೆ ತಮಿಳು. 18 ತುಂಬದವರ ಜಾಡು ಹಿಡಿದು ಅವರಿಗೆಂದೇ ಜಾಹೀರಾತು ತೋರಿಸುವಂತಿಲ್ಲ ಎಂಬುದೂ ಅದರಲ್ಲಿದೆ. ನಮ್ಮ ಧರ್ಮೋಪದೇಶದ ಹತ್ತನೇ ಕ್ಲಾಸಿನವರೇ, ವಯಸ್ಸು ಕೇಳಿದಾಗ 21 ಎಂದು ಹಾಕುತ್ತೀರಲ್ಲ, ಆ ರಕ್ಷಣೆಯನ್ನು ನೀವೇ ಬಿಟ್ಟುಕೊಟ್ಟಂತೆ.

ಚಿಕ್ಕಪ್ಪ ಎರಡು ದಿನ ಹೆಚ್ಚು ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಇಬ್ಬರೂ ಸೇರಿ ರೈತರ ಸಹಕಾರ ಸಂಘಕ್ಕೆ ಹೋಗಿ ಸರ ಅಡವಿಟ್ಟು ಬಂದರು. ಬಡ್ಡಿ ಕಡಿಮೆ, ಫೀಸು ಕಟ್ಟಾಯಿತು. ದಾರಿಯಲ್ಲಿ ಏನು ಮಾತಾಡಿಕೊಂಡರೋ ನಾವು ಕೇಳಲಿಲ್ಲ.

ಇದನ್ನು ಬರೆಯಲೇ ಎಂದು ಊರಿಗೆ ಬಂದ ಮೇಲೆ ಫೋನ್ ಮಾಡಿ ಕೇಳಿದೆವು. ಚಿಕ್ಕಮ್ಮ ತಕ್ಷಣ ಹ್ಞೂಂ ಅನ್ನಲಿಲ್ಲ. ಯಾರು ಓದ್ತಾರೆ? ನನ್ನ ಹೆಸರು ಇರುತ್ತಾ? ನಾಳೆ ನಾನು ಬೇಡ ಅಂದ್ರೆ ತೆಗೀತೀರಾ? ಮೂರಕ್ಕೂ ಉತ್ತರ ಕೊಟ್ಟ ಮೇಲೆ, ಚಿಕ್ಕಪ್ಪನನ್ನು ಕೇಳಿ ನಾಳೆ ಹೇಳುತ್ತೇನೆಂದರು. ಮಾರನೇ ದಿನ ಅವರೇ ಫೋನ್ ಮಾಡಿ ಬರೆಯಿರಿ ಎಂದರು. ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು: ಸರ ಹೋಯ್ತು, ಈಗ ನೀರಿನ ಪುಟದ ಕೆಳಗೆ ದಿನಾ ಒಂದು ಟ್ರ್ಯಾಕ್ಟರ್ ಬರ್ತಾ ಇದೆ, ಅದು ಯಾರು ಕೇಳಿದ್ದು ಅಂತ ವಿಚಾರಿಸು.