ಸ್ಲೇಟಿನ ಮೇಲೆ ಬರೆದಿಟ್ಟ ಲೆಕ್ಕ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಾಲೇಜಿನ ಪರೀಕ್ಷಾ ಶುಲ್ಕದ ಪ್ರೋಗ್ರಾಂ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಯಾರ ಕಣ್ಣಿಗೂ ಬೀಳದೆ ಹಿನ್ನೆಲೆಯಲ್ಲಿ ಹಗಲೂ ರಾತ್ರಿ ಓಡುವಂಥದ್ದು ಅದು. ಯಾರು ಎಷ್ಟು ಹೊತ್ತಿಗೆ ದುಡ್ಡು ಕಟ್ಟಿದರೆಂದು ಲಾಗ್‌ನಲ್ಲಿ ಒಂದೊಂದೇ ಸಾಲು ಹೇಳುತ್ತಿತ್ತು.

ಕಡೆಯ ದಿನದ ರಾತ್ರಿ ಸರ್ವರ್ ಕೈಕೊಟ್ಟಿತು. ರೀಸ್ಟಾರ್ಟ್ ಮಾಡಿ ಮಲಗಿದೆ. ಬೆಳಿಗ್ಗೆ ಒಬ್ಬ ಹುಡುಗಿಯ ಫೋನು: "ಸರ್, ನಿನ್ನೆ ರಾತ್ರಿನೇ ಕಟ್ಟಿದೀನಿ. ಕಟ್ಟಿಲ್ಲ ಅಂತ ತೋರಿಸ್ತಿದೆ." ಅವಳ ಹೆಸರು ಡೇಟಾಬೇಸ್‌ನಲ್ಲಿ ಇರಲಿಲ್ಲ. ಲಾಗ್ ತೆರೆದೆ. ಮೊದಲ ಸಾಲೇ ನಾನು ರೀಸ್ಟಾರ್ಟ್ ಮಾಡಿದ ಹೊತ್ತಿನದು.

ಕಂಪ್ಯೂಟರ್‌ನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಉಳಿದ ಪ್ರೋಗ್ರಾಂಗಳನ್ನು ಎಬ್ಬಿಸುವುದು ಇನಿಟ್. ಹಳೆಯ ಸಿಸ್ಟಮ್ ಫೈವ್ ಇನಿಟ್‌ನ ಕಾಲದಲ್ಲಿ ಹಿನ್ನೆಲೆಗೆ ಸರಿಯುವ ಪ್ರೋಗ್ರಾಂ ಪರದೆಯ ಮೇಲೆ ಮಾತಾಡುವುದನ್ನು ಬಿಟ್ಟು, ಹೇಳಬೇಕಾದದ್ದನ್ನು ಸಿಸ್‌ಲಾಗ್‌ಗೋ ತನ್ನದೇ ಫೈಲಿಗೋ ಬರೆಯುತ್ತಿತ್ತು. ಆ ಫೈಲು ಡಿಸ್ಕ್ ತುಂಬದಂತೆ ನಾವು ಕಾಯಬೇಕಿತ್ತು. 2010ರಲ್ಲಿ ಸಿಸ್ಟಮ್‌ಡಿ ಬಂತು. 2015ರಲ್ಲಿ ಡೆಬಿಯನ್ 8 ಕೂಡ ಅದಕ್ಕೇ ಹೊರಳಿತು. ಇಲ್ಲಿ ಪ್ರೋಗ್ರಾಂ ಸುಮ್ಮನೆ ಮಾತಾಡಿದರೆ ಸಾಕು, ಜರ್ನಲ್ ಕೇಳಿಸಿಕೊಂಡು ಬರೆದುಕೊಳ್ಳುತ್ತದೆ.

ಅದನ್ನು ನಂಬಿ ಫೈಲಿಗೆ ಬರೆಯುವ ಸಾಲುಗಳನ್ನೆಲ್ಲ ಕಿತ್ತುಹಾಕಿದ್ದೆ. ಸಿಸ್‌ಲಾಗನ್ನೂ ತೆಗೆದಿದ್ದೆ. ಆದರೆ ಆಗ ಜರ್ನಲ್‌ಗೆ ಡಿಸ್ಕ್‌ನಲ್ಲಿ ಅದರದೇ ಡೈರೆಕ್ಟರಿ ಇರಬೇಕಿತ್ತು. ಇಲ್ಲದಿದ್ದರೆ, ಬೇರೆ ಏನೂ ಹೇಳದಿದ್ದಾಗ, ಅದು ಬರೆಯುತ್ತಿದ್ದದ್ದು ಮೆಮೊರಿಯಲ್ಲಿ. ಯಂತ್ರ ಆರಿದರೆ ಬರೆದದ್ದೂ ಅಳಿಸಿಹೋಗುತ್ತಿತ್ತು. ನಮ್ಮ ಸರ್ವರ್‌ನಲ್ಲಿ ಆ ಡೈರೆಕ್ಟರಿ ಇರಲಿಲ್ಲ.

ನಮ್ಮಜ್ಜ ಕಿರಾಣಿ ಅಂಗಡಿಯಲ್ಲಿ ದಿನವಿಡೀ ಸಾಲದ ಲೆಕ್ಕವನ್ನು ಸ್ಲೇಟಿನ ಮೇಲೆ ಗೀಚುತ್ತಿದ್ದರು. ಬಾಗಿಲು ಹಾಕುವ ಮುಂಚೆ ಕನ್ನಡಕ ಏರಿಸಿಕೊಂಡು ಅಷ್ಟನ್ನೂ ಪುಸ್ತಕಕ್ಕೆ ಇಳಿಸುತ್ತಿದ್ದರು. ಒಂದು ದಿನವೂ ತಪ್ಪಿಸಿದ್ದು ನಾನು ಕಂಡಿಲ್ಲ. ನಾನು ಸ್ಲೇಟು ಮಾತ್ರ ಇಟ್ಟುಕೊಂಡಿದ್ದೆ.

ಬ್ಯಾಂಕಿನಿಂದ ವಿವರ ತರಿಸಿ ಅವಳ ಮಾತು ನಿಜವೆಂದು ತೋರಿಸುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಅಲ್ಲಿಯವರೆಗೆ ಅವಳಿಗೆ ಹಾಲ್ ಟಿಕೆಟ್ ಕೊಡಲಿಲ್ಲ. ಓದುವುದು ಬಿಟ್ಟು ದಿನವೂ ಆಫೀಸಿನ ಕಿಟಕಿಯ ಮುಂದೆ ನಿಂತಳು.

ಹೇಳುವುದು ಪ್ರೋಗ್ರಾಂನ ಕೆಲಸ, ಬರೆದಿಡುವುದು ಇನಿಟ್ ವ್ಯವಸ್ಥೆಯ ಕೆಲಸ. ಈ ಹಂಚಿಕೆ ಒಳ್ಳೆಯದೇ, ಇವತ್ತಿಗೂ ಹಾಗೇ ಮಾಡುತ್ತೇನೆ. ಎಲ್ಲಿ ಬರೆದಿಡುತ್ತಿದೆ, ನಾಳೆಗೂ ಉಳಿದೀತೇ ಎಂದು ನೋಡುವುದು ಮಾತ್ರ ನನ್ನ ಕೆಲಸವಾಗಿತ್ತು. ಆ ಡೈರೆಕ್ಟರಿ ಮಾಡಲು ಒಂದು ಸಾಲಿನ ಕಮಾಂಡ್ ಸಾಕಿತ್ತು.

ಹಾಲ್ ಟಿಕೆಟ್ ಸಿಕ್ಕ ದಿನ ಅವಳು ಫೋನ್ ಮಾಡಿ "ಥ್ಯಾಂಕ್ಯೂ ಸರ್" ಅಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.